ಬಾಲಶಿಕ್ಷಣದಲ್ಲಿ ವಿಷಯಸಮನ್ವಯ

ಪಾಠಶಾಲೆಯ ದಿನವನ್ನು ನಾವು ತಾಸುಗಳಾಗಿ ಭಾಗಿಸಿಕೊಂಡಿದ್ದೇವೆ. ಒಂದು ತಾಸು ಕನ್ನಡಕ್ಕೆ, ಒಂದು ಗಣಿತಕ್ಕೆ, ಒಂದು ಪರಿಸರ ಅಧ್ಯಯನಕ್ಕೆ. ಉಳಿದುದು ಆಟಕ್ಕೆ, ಹಾಡಿಗೆ. ಗಂಟೆ ಬಾರಿಸಿದೊಡನೆ ಒಂದು ಪುಸ್ತಕ ಮುಚ್ಚಿ ಇನ್ನೊಂದನ್ನು ತೆರೆಯುವದು ಶಾಲೆಯ ವ್ಯವಸ್ಥೆಗೆ ಅವಶ್ಯವಾದುದೇ, ಅದರಲ್ಲಿ ದೋಷವಿಲ್ಲ. ಆದರೆ ವೇಳಾಪತ್ರಿಕೆಯ ಗೆರೆಗಳು ಗೋಡೆಯ ಮೇಲಿನ ಹಾಳೆಯಿಂದ ಇಳಿದು ಕೂಸಿನ ಮನಸ್ಸಿನಲ್ಲಿಯೂ ಮೂಡಿದರೆ ಏನಾದೀತು? ಗಣಿತದಲ್ಲಿ ತಿಳಿದುದು ಭಾಷೆಗೆ ಸಲ್ಲದು, ನೀತಿಪಾಠದಲ್ಲಿ ಕೇಳಿದುದು ಗಣಿತಕ್ಕೆ ಸಲ್ಲದು ಎಂದು ಆ ಎಳೆಯ ಜೀವ ನಂಬಿಬಿಟ್ಟರೆ ಅದರ ಫಲವೇನು? ಇದು ಹೊರನೋಟಕ್ಕೆ ಬೋಧನಾಕ್ರಮದ ಪ್ರಶ್ನೆಯೆಂದು ತೋರಿದರೂ ಮೂಲದಲ್ಲಿ ಧರ್ಮದ ಪ್ರಶ್ನೆಯೇ ಆಗಿದೆ. ಅರಿವು ಆಚಾರಗಳು ಒಂದನ್ನೊಂದು ಅಗಲಬಾರದೆಂದು ಸಾರಿದ ಶರಣರ ಮಾರ್ಗದಲ್ಲಿ ನಡೆಯುವ ಗೃಹಸ್ಥರು ಈ ವಿಚಾರವನ್ನು ಮಾಸ್ತರರಿಗಷ್ಟೇ ಒಪ್ಪಿಸಿ ಸುಮ್ಮನಿರುವಂತಿಲ್ಲ.

ಮೊದಲಿಗೆ ನಮ್ಮ ಹಿಂದಿನವರು ಈ ವಿಷಯದಲ್ಲಿ ಏನು ಮಾಡಿದರೆಂಬದನ್ನು ನೋಡೋಣ. ಗಾವಟಿ ಸಾಲೆಗಳಲ್ಲಿ ಕೂಸು ಮರಳಿನ ಮೇಲೆ ಅಕ್ಷರ ತಿದ್ದುತ್ತಿತ್ತು. ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನು ಬಾಯಿಪಾಠ ಮಾಡುತ್ತಿತ್ತು. ಸಂಸ್ಕೃತದ ಕಡೆಗೆ ಹೋದವನು ಅಮರಕೋಶವನ್ನು ಕಂಠಸ್ಥ ಮಾಡುತ್ತಿದ್ದನು. ಈ ಅಮರಕೋಶದ ರಚನೆಯನ್ನು ಸ್ವಲ್ಪ ಗಮನಿಸಬೇಕು. ಅಲ್ಲಿ ಶಬ್ದಗಳು ಅಕಾರಾದಿಯಾಗಿ ಬಂದಿಲ್ಲ, ವರ್ಗಗಳಾಗಿ ಬಂದಿವೆ. ವಾರಿವರ್ಗದಲ್ಲಿ ನೀರು, ನದಿ, ಮೀನು, ವನೌಷಧಿವರ್ಗದಲ್ಲಿ ಗಿಡಮರಬಳ್ಳಿಗಳು, ವೈಶ್ಯವರ್ಗದಲ್ಲಿ ಬೇಸಾಯ, ಧಾನ್ಯ, ಅಳತೆ, ವ್ಯಾಪಾರ. ಅಂದರೆ ಭಾಷೆಯನ್ನು ಕಲಿಯುತ್ತಲೇ ಲೋಕವನ್ನೂ ಕಲಿಯಲಿ ಎಂಬ ಏರ್ಪಾಡು ಅದರಲ್ಲಿಯೇ ಅಡಗಿದೆ. ಆದರೆ ಎಷ್ಟು ಜನ ವಿದ್ಯಾರ್ಥಿಗಳು ವನೌಷಧಿವರ್ಗವನ್ನು ಒಪ್ಪಿಸಿದ ಮೇಲೆ ಹೊಲದ ಬದುವಿಗೆ ಹೋಗಿ ಆ ಗಿಡಗಳನ್ನು ಕಣ್ಣಾರೆ ಕಂಡರು? ಕಾಣದವನಿಗೆ ಕೋಶದಲ್ಲಿದ್ದ ಸಮನ್ವಯ ಕೋಶದಲ್ಲಿಯೇ ಉಳಿಯಿತು. ವಿಷಯಗಳನ್ನು ಕೂಡಿಸುವ ಶಕ್ತಿ ಪುಸ್ತಕದ ರಚನೆಗೆ ಇರುವದಕ್ಕಿಂತ ಕಲಿಯುವವನ ಕಣ್ಣಿಗೆ ಹೆಚ್ಚು ಇರುತ್ತದೆಂಬದು ಇದರಿಂದ ಸಿದ್ಧವಾಗುತ್ತದೆ.

ಗಣಿತದ ಮಾತಿಗೆ ಬಂದರೆ ಕನ್ನಡನಾಡಿನ ಒಬ್ಬ ಆಚಾರ್ಯರ ಸಾಕ್ಷಿಯೇ ನಮಗುಂಟು. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ತಮ್ಮ ಗಣಿತಸಾರಸಂಗ್ರಹದ ಆರಂಭದಲ್ಲಿ ಗಣಿತವು ಎಲ್ಲೆಲ್ಲಿ ಉಪಯೋಗಕ್ಕೆ ಬರುತ್ತದೆಂಬದನ್ನು ಎಣಿಸಿ ಹೇಳುತ್ತಾರೆ. ಅರ್ಥಶಾಸ್ತ್ರ, ಸಂಗೀತ, ನಾಟಕ, ವೈದ್ಯ, ವಾಸ್ತು, ಛಂದಸ್ಸು, ವ್ಯಾಕರಣ ಇವೆಲ್ಲವುಗಳ ಸಾಲಿನಲ್ಲಿ ಪಾಕಶಾಸ್ತ್ರವನ್ನೂ ಅವರು ಬಿಟ್ಟಿಲ್ಲ. ಅಡಿಗೆಮನೆಯೂ ಗಣಿತದ ಮನೆಯೇ ಎಂದು ಹನ್ನೊಂದು ಶತಮಾನಗಳ ಹಿಂದೆಯೇ ಹೇಳಿದ ನಾಡು ನಮ್ಮದು.

ಆಧುನಿಕ ಕಾಲದಲ್ಲಿ ಈ ವಿಚಾರಕ್ಕೆ ದೇಶವ್ಯಾಪಿಯಾದ ರೂಪ ಕೊಟ್ಟವರು ಗಾಂಧೀಜಿಯವರು. 1937ರಲ್ಲಿ ವರ್ಧಾದಲ್ಲಿ ಕೂಡಿದ ಶಿಕ್ಷಣ ಪರಿಷತ್ತಿನಲ್ಲಿ ಕೈಕಸಬನ್ನು ನಡುವೆ ಇಟ್ಟು ಅದರ ಸುತ್ತ ಭಾಷೆ, ಗಣಿತ, ವಿಜ್ಞಾನ, ಸಮಾಜಪರಿಚಯಗಳನ್ನು ಕಲಿಸಬೇಕೆಂಬ ಯೋಜನೆ ಹೊರಟಿತು, ಡಾ. ಜಾಕಿರ್ ಹುಸೇನರ ಸಮಿತಿ ಅದಕ್ಕೆ ರೂಪರೇಖೆ ಹಾಕಿತು. ಮುಂದೆ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಸರಕಾರಿ ಶಾಲೆಗಳಲ್ಲಿ, ಆಂಧ್ರದ ಋಷಿವ್ಯಾಲಿಯ ಗ್ರಾಮಶಾಲೆಗಳ ಕ್ರಮವನ್ನು ಕಂಡುಬಂದ ಶಿಕ್ಷಕರ ಕೈಯಿಂದ, ಯುನಿಸೆಫಿನ ನೆರವಿನೊಡನೆ ನಲಿ-ಕಲಿ ಪದ್ಧತಿ ಮೊದಲಾಯಿತು. 2009-10ರಲ್ಲಿ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಒಂದನೆಯ, ಎರಡನೆಯ ಇಯತ್ತೆಗಳಿಗೂ, ಮರುವರುಷ ಮೂರನೆಯ ಇಯತ್ತೆಗೂ ವಿಸ್ತರಿಸಿತು. 2005ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಕೂಡ ಮೊದಲೆರಡು ಇಯತ್ತೆಗಳಲ್ಲಿ ಪರಿಸರದ ಅರಿವು ಭಾಷೆ-ಗಣಿತಗಳ ಮೂಲಕವೇ ಬರಬೇಕು, ಮೂರರಿಂದ ಐದರವರೆಗೆ ವಿಜ್ಞಾನ-ಸಮಾಜಗಳು ಒಂದೇ ವಿಷಯವಾಗಿರಬೇಕು ಎಂದು ಹೇಳಿತು.

ನಲಿ-ಕಲಿಯಲ್ಲಿ ಅಕ್ಷರಗಳು ಅ ಆ ಇ ಈ ಎಂಬ ವರ್ಣಮಾಲೆಯ ಕ್ರಮದಿಂದ ಮೊದಲಾಗದೆ ರ ಗ ಸ ದ ಅ ಎಂಬ ಗುಂಪಿನಿಂದ ಮೊದಲಾದುದನ್ನು ಕಂಡು ಹಳೆಯ ಸಂಪ್ರದಾಯದವರು ಹುಬ್ಬೇರಿಸಿದ್ದುಂಟು. ಪಾಣಿನೀಯ ಶಿಕ್ಷೆಯ ದೃಷ್ಟಿಯಿಂದ ಉಚ್ಚಾರಸ್ಥಾನಗಳನ್ನು ಅನುಸರಿಸಿದ ವರ್ಣಮಾಲೆಯ ಸೊಬಗೇ ಬೇರೆ, ಅದನ್ನು ಮುಂದೆ ಕಲಿಸಲೇಬೇಕು. ಆದರೆ ಈ ಐದೇ ಅಕ್ಷರಗಳಿಂದ ಅರಸ, ಅಗಸ, ಗರಗಸ, ಸರ, ರಸ, ದರ ಎಂಬ ಮಾತುಗಳು ಕೂಸಿನ ಬಾಯಿಗೆ ಮೊದಲ ವಾರಗಳಲ್ಲಿಯೇ ಬರುತ್ತವೆ. ಅಕ್ಷರ ಕಲಿತ ಕೂಡಲೆ ಅರ್ಥ ಕೈಗೆ ಸಿಕ್ಕುತ್ತದೆ. ಅಗಸನೆಂದರೆ ಮಡಿವಾಳನ ಕಾಯಕ, ಗರಗಸವೆಂದರೆ ಬಡಗಿಯ ಉಪಕರಣ, ದರವೆಂದರೆ ಸಂತೆಯ ಲೆಕ್ಕ. ಒಂದೊಂದು ಶಬ್ದವೂ ಇನ್ನೊಂದು ವಿಷಯದ ಬಾಗಿಲನ್ನು ತೆರೆಯುತ್ತದೆ.

ಇನ್ನು ನಮ್ಮ ಸೀಮೆಗೆ ಬರೋಣ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳನ್ನು ಒಂದಾಗಿ ಕಟ್ಟಿರುವದು ಹೊಳೆಯ ನೀರು. ಮಹಾಬಳೇಶ್ವರದಲ್ಲಿ ಹುಟ್ಟಿದ ಕೃಷ್ಣೆ, ಅವಳನ್ನು ಕೂಡಿಕೊಳ್ಳುವ ದೂಧಗಂಗಾ, ದೂಧಗಂಗೆಯನ್ನು ಕೂಡಿಕೊಳ್ಳುವ ವೇದಗಂಗಾ ಇವು ನಮ್ಮ ಕಬ್ಬಿಗೂ ತಂಬಾಕಿಗೂ ಜೋಳಕ್ಕೂ ಜೀವ. 2005ರಲ್ಲಿ, 2019ರ ಆಗಸ್ಟಿನಲ್ಲಿ, ಮತ್ತೆ 2021ರಲ್ಲಿ ಇದೇ ನೀರು ದಂಡೆಯೂರುಗಳಿಗೆ ನುಗ್ಗಿದಾಗ ಅನೇಕ ಶಾಲೆಗಳು ನೀರಿನಲ್ಲಿ ನಿಂತವು. ಎತ್ತರದಲ್ಲಿದ್ದ ಶಾಲೆಗಳು ನಿರಾಶ್ರಿತರ ತಂಗುದಾಣಗಳಾದವು. ಆ ದಿನಗಳಲ್ಲಿ ಇಷ್ಟು ಲಕ್ಷ ಕ್ಯೂಸೆಕ್ ನೀರು ಬರುತ್ತಿದೆಯೆಂಬ ಮಾತು ಮನೆಮನೆಯಲ್ಲಿ ಕೇಳಿಬರುತ್ತಿತ್ತು. ಕ್ಯೂಸೆಕ್ ಎಂದರೇನೆಂದು ಕೂಸು ಕೇಳಿದರೆ ಉತ್ತರ ಯಾವ ತಾಸಿಗೆ ಸೇರಿದ್ದು? ಸೆಕೆಂಡಿಗೆ ಒಂದು ಘನ ಅಡಿ ನೀರು, ಅಂದರೆ 28 ಲೀಟರಿಗೆ ತುಸು ಹೆಚ್ಚು. 14 ಲೀಟರಿನ ಕೊಡವಾದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಎರಡು ಕೊಡ. ಇದು ಗಣಿತ. ಮಳೆ ಬಿದ್ದುದು ಸಹ್ಯಾದ್ರಿಯಲ್ಲಿ, ನೆರೆ ಬಂದುದು ಇಲ್ಲಿ, ಏಕೆಂಬದು ಭೂಗೋಲ. ನೀರು ಇಳಿದ ಮೇಲೆ ಬಾವಿಯ ನೀರನ್ನು ಕಾಯಿಸಿ ಕುಡಿಯಬೇಕೆಂಬದು ವಿಜ್ಞಾನ. ಕಂಡುದನ್ನು ನಾಲ್ಕು ಸಾಲಿನಲ್ಲಿ ನೆಟ್ಟಗೆ ಬರೆಯುವದು ಭಾಷೆ. ಹೊಳೆ ಒಂದೇ, ನಮ್ಮ ಪುಸ್ತಕಗಳು ನಾಲ್ಕು.

ಗಡಿನಾಡಿನ ಇನ್ನೊಂದು ವಿಶೇಷವನ್ನು ವಾಚಕರು ಬಲ್ಲರು. ಇಲ್ಲಿ ಅನೇಕ ಮಕ್ಕಳ ಮನೆಮಾತು ಮರಾಠಿ; ಕೆಲವರದು ಉರ್ದು. ಕನ್ನಡ ಶಾಲೆಗೆ ಬಂದ ಮರಾಠಿ ಮನೆಯ ಕೂಸು ಕನ್ನಡದ ತಾಸಿನಲ್ಲಿ ಬೆರಗಾಗಿ ಕುಳಿತಿದ್ದರೂ ಗಣಿತದ ತಾಸಿನಲ್ಲಿ ಅದಕ್ಕೆ ಬಂಧುಗಳು ಸಿಕ್ಕುತ್ತಾರೆ. ಗುಣಾಕಾರ, ಭಾಗಾಕಾರ ಎಂಬ ಮಾತುಗಳು ಎರಡೂ ಭಾಷೆಗಳಲ್ಲಿ ಒಂದೇ. ಬೇರೀಜು, ವಜಾಬಾಕಿ ಎಂದು ನಮ್ಮ ಕಡೆಯ ಹಿರಿಯರು ಕನ್ನಡದಲ್ಲಿಯೂ ಅನ್ನುತ್ತಿದ್ದರು. ಭಾಗವೆಂದರೆ ಪಾಲು, ಶೇಷವೆಂದರೆ ಉಳಿದುದು, ಲಬ್ಧವೆಂದರೆ ದೊರೆತುದು ಎಂದು ಬಿಡಿಸಿ ಹೇಳಿದರೆ ಲೆಕ್ಕವೂ ತಿಳಿಯುತ್ತದೆ, ನುಡಿಯೂ ಬರುತ್ತದೆ. ಗಣಿತದ ಮೂಲಕ ಕನ್ನಡವನ್ನು ಕಲಿಸಬಹುದೆಂಬದು ನಗರದ ಶಾಲೆಗಳಿಗೆ ಹೊಸದಾಗಿ ತೋರಬಹುದು. ನಮ್ಮ ಸೀಮೆಯಲ್ಲಿ ಅದು ದಿನನಿತ್ಯದ ಅನುಭವ.

ಹೀಗಿರಲಾಗಿ ಒಂದು ಆಕ್ಷೇಪವನ್ನು ಇಲ್ಲಿಯೇ ಎದುರಿಸಬೇಕು. ಎಲ್ಲವನ್ನೂ ಎಲ್ಲದರೊಡನೆ ಕಲಸಿದರೆ ಯಾವುದೂ ಗಟ್ಟಿಯಾಗಿ ಬರುವದಿಲ್ಲ. ಹಾಡು ಕಟ್ಟಿ ಕುಣಿಸುವದರಲ್ಲಿ ಮಗ್ಗಿ ಮರೆತುಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ಈ ಮಾತಿನಲ್ಲಿ ಸತ್ಯಾಂಶವಿದೆ. ಮೂಲಶಿಕ್ಷಣದ ಕಾಲದಲ್ಲಿ ನೂಲಿನ ಎಳೆಗೆ ಎಲ್ಲ ವಿಷಯಗಳನ್ನೂ ಬಲವಂತವಾಗಿ ಕಟ್ಟಹೋದ ಕಡೆ ನೂಲೂ ಬರಲಿಲ್ಲ, ಪಾಠವೂ ಬರಲಿಲ್ಲ. ಹೊಳೆಯ ಚಿತ್ರ ಬರೆಯಿಸಿದ ಮಾತ್ರಕ್ಕೆ ಭಾಗಾಕಾರ ಬಂದಂತಾಗದು. ಮಗ್ಗಿಯನ್ನು ಮಗ್ಗಿಯಾಗಿಯೇ, ಕಾಗುಣಿತವನ್ನು ಕಾಗುಣಿತವಾಗಿಯೇ ತಿದ್ದಿ ತಿದ್ದಿ ಕಲಿಯಬೇಕಾದ ತಾಸು ಇದ್ದೇ ಇರಬೇಕು.

ನಮ್ಮ ತರ್ಕಶಾಸ್ತ್ರ ಇಲ್ಲಿ ದಾರಿ ತೋರುತ್ತದೆ. ಅರಿವಿಗೆ ಪ್ರಮಾಣಗಳು ಬೇರೆ ಬೇರೆಯೆಂದು ಅದು ಹೇಳುತ್ತದೆ: ಪ್ರತ್ಯಕ್ಷ, ಅನುಮಾನ, ಆಪ್ತರ ಶಬ್ದ ಮುಂತಾದವು. ಮಹಾವೀರಾಚಾರ್ಯರು ಯಾವಾಗ ಇದ್ದರೆಂಬದನ್ನು ಕಣ್ಣಿನಿಂದ ನೋಡಲಾಗದು. ಗ್ರಂಥ, ಶಾಸನಗಳ ಸಾಕ್ಷಿ ಬೇಕು. ಬೀಜ ಮೊಳೆಯಿತೋ ಇಲ್ಲವೋ ಎಂಬದಕ್ಕೆ ಸಾಕ್ಷಿ ಬೇಡ. ಮಣ್ಣು ಸರಿಸಿ ನೋಡಿದರೆ ಆಯಿತು. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ, ಅಂದರೆ 1089 ಚದರಡಿ. ಅಂತಹ 40 ಕೂಡಿದರೆ ಎಕರೆಗೆ 43,560 ಚದರಡಿ. ಇದರಲ್ಲಿ ಒಬ್ಬರ ಅಭಿಪ್ರಾಯಕ್ಕೆ ಎಡೆಯಿಲ್ಲ. ಹೊಲದೊಡೆಯನಿಗೂ ಕೂಲಿಯವನಿಗೂ ಉತ್ತರ ಒಂದೇ. ಆದರೆ ಹೊಲದ ಮೇಲೊಂದು ನಿಬಂಧ ಬರೆಯಿರೆಂದರೆ ಮೂವತ್ತು ಮಕ್ಕಳು ಮೂವತ್ತು ಬಗೆಯಾಗಿ ಬರೆದು ಎಲ್ಲರೂ ಸರಿಯಾಗಿರಬಹುದು. ಆದುದರಿಂದ ಶಿಕ್ಷಕನು ಕೂಸನ್ನು ಒಂದು ವಿಷಯದಿಂದ ಇನ್ನೊಂದಕ್ಕೆ ಕರೆದೊಯ್ಯುವಾಗ, ಈಗ ನಾವು ಯಾವ ಪ್ರಮಾಣದಿಂದ ತೂಗುತ್ತಿದ್ದೇವೆಂಬದನ್ನು ಅದಕ್ಕೆ ತಿಳಿಸಬೇಕು. ಪ್ರಮಾಣಗಳ ಭೇದವನ್ನು ಅಳಿಸುವದು ಸಮನ್ವಯವಲ್ಲ, ಕಲಬೆರಕೆ. ಭೇದವನ್ನು ಅರಿತು ಸತ್ಯದ ಕಡೆಗೆ ಎಲ್ಲವನ್ನೂ ತಿರುಗಿಸುವದೇ ನಿಜವಾದ ಸಮನ್ವಯ.

ಇಲ್ಲಿಂದ ಮುಖ್ಯ ಮಾತಿಗೆ ಬರುತ್ತೇನೆ. ವಿಷಯಗಳನ್ನು ಕೂಡಿಸಬೇಕಾದುದು ಕಲಿಕೆ ಸುಲಭವಾಗಲಿ, ಸ್ವಾರಸ್ಯವಾಗಲಿ ಎಂಬಷ್ಟಕ್ಕೇ ಅಲ್ಲ. ವಿಷಯಗಳನ್ನು ಬೇರೆ ಮಾಡಿದಾಗ ಎಲ್ಲಕ್ಕಿಂತ ಮೊದಲು ಒಂಟಿಯಾಗುವದು ನೀತಿ. ಅನೇಕ ಶಾಲೆಗಳಲ್ಲಿ ವಾರಕ್ಕೊಂದು ನೀತಿಪಾಠದ ತಾಸನ್ನು ಇಡುತ್ತಾರೆ. ಒಳ್ಳೆಯ ಉದ್ದೇಶವೇ. ಆದರೆ ನೀತಿಗೆ ಒಂದು ತಾಸನ್ನು ಗೊತ್ತುಮಾಡಿದರೆ ಉಳಿದ ತಾಸುಗಳಿಗೆ ನೀತಿಯಿಂದ ಬಿಡುವು ಕೊಟ್ಟಂತೆ ಆಗುವ ಭಯವಿದೆ. ನೀತಿಯ ತಾಸಿನಲ್ಲಿ ಸತ್ಯವನ್ನೇ ನುಡಿ ಎಂದು ಬರೆದುಕೊಂಡ ಕೂಸು ಗಣಿತದ ತಾಸಿನಲ್ಲಿ ಪಕ್ಕದವನ ಪಾಟಿಯನ್ನು ನೋಡಿ ಉತ್ತರ ಬರೆದರೆ ಅದಕ್ಕೆ ಎರಡರ ನಡುವೆ ವಿರೋಧವೇ ಕಾಣದು. ಏಕೆಂದರೆ ಅವು ಬೇರೆ ಬೇರೆ ತಾಸುಗಳು. ಇದೇ ಕೂಸು ಬೆಳೆದು ತಕ್ಕಡಿ ಹಿಡಿದಾಗ, ಕಚೇರಿಯಲ್ಲಿ ಲೆಕ್ಕ ಬರೆದಾಗ, ಸೋಮವಾರದ ಪೂಜೆಯೂ ಮಂಗಳವಾರದ ಸುಳ್ಳು ತೂಕವೂ ಅದಕ್ಕೆ ಬೇರೆ ಬೇರೆ ತಾಸುಗಳಾಗಿಯೇ ಉಳಿಯುತ್ತವೆ. ಅರಿವು ಒಂದು ಕಡೆ, ಆಚಾರ ಇನ್ನೊಂದು ಕಡೆ ಆಗುವದಕ್ಕೆ ಬೀಜ ಬೀಳುವದು ಇಲ್ಲಿಯೇ.

ಒಂದು ಉದಾಹರಣೆಯನ್ನು ನೋಡೋಣ. ನಮ್ಮ ರಾಜ್ಯದ ಶಾಲೆಗಳಲ್ಲಿ ಮಧ್ಯಾಹ್ನದ ಊಟಕ್ಕೆ ಅಕ್ಷರ ದಾಸೋಹವೆಂಬ ಹೆಸರಿದೆ. 2002ರಲ್ಲಿ ಉತ್ತರ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ ಮುಂದಿನ ವರುಷ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿದ ಯೋಜನೆಯಿದು. ಶರಣರ ಒಂದು ಶಬ್ದ ಸರಕಾರದ ಕಾಗದಪತ್ರಗಳಲ್ಲಿ ದಿನನಿತ್ಯ ಬರೆಯಲ್ಪಡುವದು ಸಂತೋಷದ ಸಂಗತಿ. ಕಿರಿಯ ಪ್ರಾಥಮಿಕ ಇಯತ್ತೆಗಳ ಒಂದು ಕೂಸಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ ಎಂದು ಪ್ರಮಾಣವಿದೆ. ಶಾಲೆಯಲ್ಲಿ 45 ಮಕ್ಕಳಿದ್ದರೆ ನಾಲ್ಕೂವರೆ ಕಿಲೋ ಅಕ್ಕಿ, 900 ಗ್ರಾಂ ಬೇಳೆ. ಇಂದು ಆರು ಮಕ್ಕಳು ಬರಲಿಲ್ಲವೆಂದುಕೊಳ್ಳಿರಿ, ಬಂದವರು 39. ಆಗ ಅಕ್ಕಿ 3 ಕಿಲೋ 900 ಗ್ರಾಂ, ಬೇಳೆ 780 ಗ್ರಾಂ. ಮೂರನೆಯ ಇಯತ್ತೆಯ ಮಕ್ಕಳು ಸ್ವತಃ ಮಾಡಬಹುದಾದ ಲೆಕ್ಕವಿದು. ಬೇಳೆಯನ್ನು ಏಕೆ ಹಾಕಬೇಕೆಂಬದು ಆರೋಗ್ಯಪಾಠ. ದಾಸೋಹವೆಂಬ ಶಬ್ದದ ಅರ್ಥವೇನೆಂಬದು ಭಾಷಾಪಾಠ. ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುವದು ಸಮಾಜಪಾಠ.

ಇಷ್ಟಕ್ಕೇ ನಿಲ್ಲಬಾರದು. ಬಂದವರು 39, ಪಟ್ಟಿಯಲ್ಲಿ ಬರೆದುದು 45 ಎಂದಾದರೆ ಏನಾಗುವದೆಂದು ಮಕ್ಕಳನ್ನು ಕೇಳಬೇಕು. 600 ಗ್ರಾಂ ಅಕ್ಕಿ, 120 ಗ್ರಾಂ ಬೇಳೆ ಎಲ್ಲಿ ಹೋಯಿತು? ಅಂಕೆಯೊಂದು ತಪ್ಪಾದರೆ ಅದು ಲೆಕ್ಕದ ತಪ್ಪು. ತಿಳಿದೂ ತಪ್ಪಾಗಿ ಬರೆದರೆ ಅದು ಅನ್ನದ ಕಳವು. ಎರಡೂ ಒಂದೇ ಪಾಟಿಯ ಮೇಲೆ ಒಂದೇ ಬಗೆಯಾಗಿ ಕಾಣುತ್ತವೆ. ಭೇದವಿರುವದು ಬರೆದವನ ಅಂತಃಕರಣದಲ್ಲಿ. ಈ ಭೇದವನ್ನು ಗಣಿತದ ತಾಸಿನಲ್ಲಿಯೇ ಕಂಡ ಕೂಸಿಗೆ ಅಂಕೆಯೆಂದರೆ ಒಂದು ಬಗೆಯ ಪ್ರಮಾಣವಚನವೆಂಬದು ಹೊಳೆಯುತ್ತದೆ. ಆ ಹೊಳಹನ್ನು ಪ್ರತ್ಯೇಕವಾದ ನೀತಿಪಾಠ ಕೊಡಲಾರದು.

ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಲು ಹೇಳಿ ಕಳಿಸಿದರು. ಈ ಕಥೆಯನ್ನು ನಾವು ಭಕ್ತಿಯ ಕಥೆಯೆಂದು ಹೇಳುತ್ತೇವೆ, ಅದು ಸರಿಯೇ. ಆದರೆ ಅದು ಗಣಿತದ ಕಥೆಯೂ ಹೌದೆಂಬದನ್ನು ಮರೆಯುತ್ತೇವೆ. ನಿತ್ಯದ ಅಳತೆ ಎಷ್ಟೆಂಬದು ಆ ತಾಯಿಗೆ ಗೊತ್ತಿರದಿದ್ದರೆ ಹೆಚ್ಚಾದುದು ಅವರಿಗೆ ಕಾಣುತ್ತಲೇ ಇರಲಿಲ್ಲ. ಅಳತೆ ಬಲ್ಲವರಿಗೇ ಮಿತಿ ತಿಳಿಯುತ್ತದೆ. ಮಿತಿ ತಿಳಿದವರಿಗೇ ನಿರಾಶೆ ಸಾಧ್ಯ. ಇತ್ತ ಅಳತೆಯಷ್ಟನ್ನೇ ಬಲ್ಲವನಿಗೆ ಹೆಚ್ಚಾದುದು ಕಂಡರೂ ಅದು ಲಾಭವಾಗಿ ಕಾಣುವದಲ್ಲದೆ ಮರಳಿಸಬೇಕಾದುದಾಗಿ ಕಾಣುವದಿಲ್ಲ. ಲಕ್ಕಮ್ಮನವರಲ್ಲಿ ಈ ಎರಡೂ ಅರಿವುಗಳು ಬೇರೆ ಬೇರೆ ಇರಲಿಲ್ಲ.

ಆದರೆ ಬದುಕನ್ನು ಪಾಠಕ್ಕೆ ತರುವಾಗ ಒಂದು ಎಚ್ಚರ ಬೇಕು. ನಿಪ್ಪಾಣಿಯ ಕಡೆ ಎಷ್ಟೋ ತಾಯಂದಿರು ಬೀಡಿ ಕಟ್ಟಿ ಸಂಸಾರ ಸಾಗಿಸುತ್ತಾರೆ. ಅವರ ಕೂಲಿ ಸಾವಿರ ಬೀಡಿಗೆ ಇಷ್ಟು ಎಂದು ಗೊತ್ತಾಗಿರುತ್ತದೆ. ಇಪ್ಪತ್ತೈದರ ಕಟ್ಟಾದರೆ ಸಾವಿರಕ್ಕೆ ಎಷ್ಟು ಕಟ್ಟು, ಕೆಟ್ಟವೆಂದು ನೂರು ಬೀಡಿ ತೆಗೆದುಹಾಕಿದರೆ ಕೂಲಿ ಎಷ್ಟು ಕಡಿಮೆ, ಇವು ಒಳ್ಳೆಯ ಲೆಕ್ಕಗಳೇ. ಆದರೆ ಆ ತಾಯಿಯ ಕೂಸನ್ನು ಎದ್ದುನಿಲ್ಲಿಸಿ, ನಿಮ್ಮ ಮನೆಗೆ ದಿನಕ್ಕೆ ಎಷ್ಟು ಬರುತ್ತದೆಂದು ಎಲ್ಲರೆದುರು ಕೇಳಿದರೆ ಅದು ಪಾಠವಾಗದೆ ಹಿಂಸೆಯಾಗುತ್ತದೆ. ಕಬ್ಬಿನ ಗದ್ದೆಯ ಒಡೆಯನ ಮಗನೂ ಕಬ್ಬು ಕಡಿಯುವವನ ಮಗಳೂ ಒಂದೇ ಕೋಣೆಯಲ್ಲಿರುತ್ತಾರೆ. ಹತ್ತು ಟನ್ನು ಕಬ್ಬಿಗೆ ನೂರಕ್ಕೆ ಹತ್ತರಂತೆ ಇಳುವರಿ ಬಂದರೆ ಒಂದು ಟನ್ನು ಸಕ್ಕರೆ ಎಂಬ ಲೆಕ್ಕವನ್ನು ಇಬ್ಬರೂ ಕಲಿಯಲಿ. ಆ ಸಕ್ಕರೆಯಲ್ಲಿ ಯಾರ ಯಾರ ಬೆವರು ಕೂಡಿದೆಯೆಂಬದನ್ನು ಇಬ್ಬರೂ ಅರಿಯಲಿ. ಆದರೆ ಯಾವ ಕೂಸೂ ತನ್ನ ಮನೆಯ ಬಡತನಕ್ಕೆ ಉದಾಹರಣೆಯಾಗಿ ನಿಲ್ಲಬಾರದು.

ಅಂತೆಯೇ ಕಾಯಕವನ್ನು ಪಾಠದ ನಡುವೆ ಇಡುವದೆಂದರೆ ಕೂಸನ್ನು ತಂದೆಯ ಕಸಬಿಗೆ ಕಟ್ಟಿಹಾಕುವದೆಂದು ಯಾರೂ ತಿಳಿಯಬಾರದು. ಕಾಯಕಕ್ಕೆ ಜಾತಿಯ ಬೇಲಿಯಿಲ್ಲವೆಂಬದೇ ಕಲ್ಯಾಣದ ಶರಣರು ಕಾಣಿಸಿದ ಸತ್ಯ. ಬಡಗಿಯ ಮಗ ಗರಗಸದ ಹಲ್ಲುಗಳಲ್ಲಿ ಕೋನವನ್ನು ಕಂಡು ನಾಳೆ ಗಣಿತಜ್ಞನಾಗಬಹುದು. ಪಂಡಿತನ ಮಗಳು ಅದೇ ಗರಗಸವನ್ನು ಹಿಡಿದು ಬಡಗಿಯಾಗಬಹುದು.

ಕಡೆಗೆ, ಗೃಹಸ್ಥರಾದ ಬಂಧುಗಳಲ್ಲಿ ಎರಡು ವಿಜ್ಞಾಪನೆಗಳಿವೆ. ಮೊದಲನೆಯದು, ಶಾಲೆಯಲ್ಲಿ ಭಾಗವಾಗಿ ಹೋದುದನ್ನು ಮನೆಯಲ್ಲಿ ಕೂಡಿಸಬಹುದು. ಇದಕ್ಕೆ ಪಾಂಡಿತ್ಯ ಬೇಡ. ಜೋಳ ಅಳೆಯುವಾಗ ಅಳತೆಯನ್ನು ಕೂಸಿನ ಕೈಗೆ ಕೊಡಿರಿ. ಕಾರ್ಖಾನೆಯಿಂದ ಬಂದ ತೂಕದ ಚೀಟಿಯನ್ನು ಅದರಿಂದಲೇ ಗಟ್ಟಿಯಾಗಿ ಓದಿಸಿರಿ. ಓದಿದ ಮೇಲೆ ಲೆಕ್ಕ ಸರಿಯಿದೆಯೇ ನೋಡೆಂದು ಹೇಳಿರಿ. ಜಂಗಮರಿಗೆ, ಅತಿಥಿಗಳಿಗೆ ನೀಡುವ ಅನ್ನದ ಪಾಲನ್ನು ಅದರ ಎದುರಿನಲ್ಲಿಯೇ ತೆಗೆದಿಡಿರಿ. ಕನ್ನಡ, ಗಣಿತ, ಧರ್ಮ ಮೂರೂ ಒಂದೇ ಪಡಸಾಲೆಯಲ್ಲಿ ಕುಳಿತಿರುವದನ್ನು ಕೂಸು ಕಾಣಲಿ.

ಎರಡನೆಯದು ಇನ್ನೂ ಕಠಿಣವಾದುದು. ಕೂಸಿನ ಎದುರಿನಲ್ಲಿ ನಾವು ಸುಳ್ಳು ಲೆಕ್ಕವನ್ನು ಹೇಳಬಾರದು. ಬಸ್ಸಿನಲ್ಲಿ ಟಿಕೀಟು ಉಳಿಸಲೆಂದು ಅದರ ವಯಸ್ಸನ್ನು ಒಂದು ವರುಷ ಇಳಿಸಿ ಹೇಳಿದ ದಿನ, ಶಾಲೆಯಲ್ಲಿ ಮಾಸ್ತರರು ವರುಷವಿಡೀ ಪಟ್ಟ ಶ್ರಮ ನೀರಿನಲ್ಲಿ ಹೋಮವಾಗುತ್ತದೆ. ವಯಸ್ಸು ಎಂಬದು ಕೂಸು ಕಲಿತ ಮೊದಲ ಅಂಕೆ. ಅದೇ ಬೇಕಾದಾಗ ಬದಲಾಗುವದಾದರೆ ಉಳಿದ ಅಂಕೆಗಳ ಗತಿಯೇನು? ಶಾಲೆಯ ಸಮನ್ವಯಕ್ಕೆ ಅಡಿಗಲ್ಲು ಇರುವದು ನಮ್ಮ ನಿಮ್ಮ ಮನೆಗಳಲ್ಲಿ. ನುಡಿದ ಅಂಕೆಗೂ ನಡೆದ ನಡೆಗೂ ಅಂತರವಿಲ್ಲದ ಮನೆಯಿಂದ ಬಂದ ಕೂಸಿಗೆ ಯಾವ ಪದ್ಧತಿಯಿಂದ ಕಲಿಸಿದರೂ ಅರಿವು ಅಖಂಡವಾಗಿಯೇ ಬೆಳೆಯುತ್ತದೆ. ಅಂತಹ ಮನೆಗಳು ನಮ್ಮ ಸೀಮೆಯಲ್ಲಿ ಹೆಚ್ಚಲಿ.